ಬೂದಿ ಹೆಣ್ಣಿನ ಮರಿಯ ಗಂಟಲಲ್ಲಿ

ಗಂಡು ಪಾರಿವಾಳವೂ ಹಾಲು ಕೊಡುತ್ತದೆ ಅಂತ ನನಗೆ ಗೊತ್ತಾದ ಮಾರನೇ ಬೆಳಿಗ್ಗೆ ಡೈರಿಯಲ್ಲಿ ಸಾಲು ನಿಂತವರಿಗೆಲ್ಲ ಅದನ್ನೇ ಹೇಳಿದೆ. ಕ್ಯಾತನಹಳ್ಳಿಯ ಹಾಲಿನ ಡೈರಿಯಲ್ಲಿ ಹಾಲು ಅಳೆಯುವುದು, ಫ್ಯಾಟ್ ನೋಡುವುದು ನನ್ನ ಕೆಲಸ. ಬೆಳಿಗ್ಗೆ ಎರಡು ಗಂಟೆ, ಸಾಯಂಕಾಲ ಎರಡು ಗಂಟೆ. ಮಧ್ಯದ ಇಡೀ ದಿನ ನನ್ನದು. ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಕ್ಯಾನನ್ನು ಕೆಳಗಿಟ್ಟು, ಬಹಳ ಗಂಭೀರವಾಗಿ ಕೇಳಿದರು.

"ಅಂಗಾರೆ ನಮ್ಮನೆ ಗಂಡುಸ್ರನ್ನೂ ಒಂದ್ಸಲ ಟೆಸ್ಟ್ ಮಾಡ್ಬುಡಮ್ಮಿ. ಒಸಿ ಫ್ಯಾಟಾದ್ರೂ ಬತ್ತದೇನೋ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಹೇಳುವುದನ್ನು ನಿಲ್ಲಿಸಲಿಲ್ಲ. ಯಾಕೆಂದರೆ ಅದು ನಿಜ. ಮರಿ ಮೊಟ್ಟೆಯಿಂದ ಹೊರಬರುವ ಹೊತ್ತಿಗೆ ಸರಿಯಾಗಿ, ಗಂಡು ಹೆಣ್ಣು ಎರಡರ ಕತ್ತಿನ ಬುಡದಲ್ಲಿರುವ ಮೇವಿನ ಚೀಲದ ಒಳಪದರ ದಪ್ಪಗಾಗಿ, ಸುಲಿದು, ಗಿಣ್ಣಿನ ಹಾಗೆ ಆಗುತ್ತದೆ. ಮರಿ ತನ್ನ ಕೊಕ್ಕನ್ನು ಅಪ್ಪನ ಬಾಯಿಗೋ ಅಮ್ಮನ ಬಾಯಿಗೋ ತೂರಿಸಿ ಅದನ್ನು ಹೀರಿಕೊಳ್ಳುತ್ತದೆ. ಮೊದಲ ಕೆಲವು ದಿನ ಅದಕ್ಕೆ ಬೇರೆ ಊಟವೇ ಇಲ್ಲ. ದಿನಾ ಹಾಲಿನ ಮಧ್ಯೆ ಕೈ ಅದ್ದಿಕೊಂಡು ಇರುವವಳಿಗೆ ಇದು ಎಂಥ ಸುದ್ದಿ ಅಂತ ಯೋಚನೆ ಮಾಡಿ.

ನಾನು ಓದಿದ್ದು ಬಿ.ಕಾಂ. ಜೀವಶಾಸ್ತ್ರ ಅಂತ ಓದಿದ್ದು ಹೈಸ್ಕೂಲಿನಲ್ಲಿ ಎಷ್ಟೋ ಅಷ್ಟೇ. ಆಮೇಲಿನದೆಲ್ಲ ಫೋನಿನಲ್ಲಿ ನೋಡಿ, ಪಾಂಡವಪುರದ ಲೈಬ್ರರಿಯಲ್ಲಿ ಸಿಕ್ಕಿದ್ದನ್ನು ಓದಿ, ತಪ್ಪು ಮಾಡಿ ಕಲಿತದ್ದು. ಶುರುವಾದದ್ದು ಒಂದು ನೊಣದಿಂದ. ಚಿಕ್ಕಪ್ಪನ ತಾರಸಿಯಲ್ಲಿ ಒಂದು ಪಾರಿವಾಳವನ್ನು ಎತ್ತಿಕೊಂಡಾಗ ಅದರ ಗರಿಯ ಸಂದಿನಿಂದ ಚಪ್ಪಟೆ ನೊಣವೊಂದು ಹೊರಬಂದು, ಏಡಿಯ ಹಾಗೆ ಅಡ್ಡಡ್ಡ ಓಡಿ ನನ್ನ ರವಿಕೆಯ ತೋಳಿನೊಳಗೆ ಹೋಯಿತು. ಕಿರುಚಿಕೊಂಡು ಕೆಳಗಿಳಿದವಳು ಸಂಜೆಯೊಳಗೆ ಅದರ ಪೂರ್ತಿ ಜಾತಕ ಓದಿದ್ದೆ. ಅದು ಪಾರಿವಾಳದ ರಕ್ತ ಕುಡಿದೇ ಬದುಕುವ ನೊಣ. ಮೊಟ್ಟೆ ಇಡುವುದಿಲ್ಲ. ಮರಿಹುಳುವನ್ನು ಹೊಟ್ಟೆಯಲ್ಲೇ ಬೆಳೆಸಿ, ಒಂದೊಂದಾಗಿ ಹೆರುತ್ತದೆ. ಗೂಡಿನ ಕಸದಲ್ಲಿ ಸಣ್ಣ ಕಾಳುಮೆಣಸಿನಂಥ ಕಪ್ಪು ಕಾಳು ಕಂಡರೆ ಅದು ಆ ನೊಣದ ಕೋಶ. ಮಾರನೇ ದಿನ ನಾನು ಗೂಡಿನ ಕಸ ಕೆದಕಿ ಅಂಥ ಹನ್ನೊಂದು ಕಾಳು ಆರಿಸಿದೆ. ಚಿಕ್ಕಮ್ಮ ಅದನ್ನು ನೋಡಿ, ಈ ಹುಡುಗಿಗೆ ಬೇಗ ಗಂಡು ನೋಡಿ ಎಂದು ನಮ್ಮಮ್ಮನಿಗೆ ಹೇಳಿ ಕಳಿಸಿದರಂತೆ.

ಚಿಕ್ಕಪ್ಪನ ವಿಷಯ ಹೇಳಬೇಕು. ಅಪ್ಪನ ತಮ್ಮ. ಕಬ್ಬಿನ ಗದ್ದೆ ಇದೆ, ಎರಡು ಹಸು ಇವೆ, ಆದರೆ ಅವರ ಜೀವ ಇರುವುದು ತಾರಸಿಯ ಮೇಲಿನ ಗೂಡಿನಲ್ಲಿ. ಹಲಗೆ ಮತ್ತು ಜಾಲರಿಯಿಂದ ಅವರೇ ಕಟ್ಟಿದ್ದು. ಮೂವತ್ತು ಚಿಲ್ಲರೆ ಪಾರಿವಾಳ. ಅದರಲ್ಲಿ ಒಂದು ಬೂದಿ ಬಣ್ಣದ ಹೆಣ್ಣು. ಚಿಕ್ಕಪ್ಪ ಅದನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬೈಕಿನಲ್ಲಿ ಅಕ್ಕಿಹೆಬ್ಬಾಳಿಗೆ ಹೋಗಿ, ಅಲ್ಲಿನ ರೈಲ್ವೆ ಸ್ಟೇಷನ್ ಪಕ್ಕ ಬಿಟ್ಟು ಬರುತ್ತಿದ್ದರು. ಇವರು ಮನೆಗೆ ಬಂದು ಬೈಕಿಗೆ ಸ್ಟ್ಯಾಂಡ್ ಹಾಕುವಾಗ ಅದು ಆಗಲೇ ನೀರಿನ ಟ್ಯಾಂಕಿನ ಮೇಲೆ ಕೂತು ಗರಿ ಸರಿಮಾಡಿಕೊಳ್ಳುತ್ತಾ ಇರುತ್ತಿತ್ತು. ಒಂದು ಸಲವೂ ದಾರಿ ತಪ್ಪಲಿಲ್ಲ.

ಹಾರಿ ಬಂದ ಹಕ್ಕಿಗೆ ಚಿಕ್ಕಪ್ಪ ಪಾತ್ರೆಯಲ್ಲಿ ನೀರು ಇಡುವವರಲ್ಲ. ಒಂದು ಬಾಯಿ ನೀರು ತುಂಬಿಕೊಂಡು ತುಟಿ ಸ್ವಲ್ಪ ತೆರೆಯುತ್ತಿದ್ದರು. ಬೂದಿ ಹೆಣ್ಣು ಮಣಿಕಟ್ಟಿನ ಮೇಲೆ ಬಂದು ಕೂತು, ಅವರ ಬಾಯಿಗೇ ಕೊಕ್ಕು ಹಾಕಿ ಗಟಗಟ ಕುಡಿಯುತ್ತಿತ್ತು. ಬೇರೆ ಹಕ್ಕಿಗಳು ತಲೆ ಎತ್ತಿ ಎತ್ತಿ ನುಂಗುತ್ತವೆ, ಪಾರಿವಾಳ ಮಾತ್ರ ಹಸುವಿನ ಹಾಗೆ ಮೂತಿ ಇಟ್ಟು ಒಂದೇ ಸಮ ಹೀರುತ್ತದೆ. ಅದನ್ನು ನೋಡುವುದಕ್ಕೇ ನಾನು ತಾರಸಿ ಹತ್ತುತ್ತಿದ್ದೆ. ಹಿಂದಿನ ವರ್ಷ ವಿಡಿಯೊ ಕೂಡ ಮಾಡಿದ್ದೆ. ನಮ್ಮ ತಾತನೂ ಹೀಗೇ ಕುಡಿಸುತ್ತಿದ್ದರಂತೆ. ಬಾಯಿಂದ ಕುಡಿದ ಹಕ್ಕಿ ಮನೆ ಬಿಟ್ಟು ಹೋಗುವುದಿಲ್ಲ ಎಂಬುದು ಅವರ ನಂಬಿಕೆ.

ಈ ವರ್ಷ ಬೂದಿ ಹೆಣ್ಣಿಗೆ ವಯಸ್ಸಾಗಿತ್ತು. ಒಂದು ವರ್ಷದಿಂದ ಮೊಟ್ಟೆ ಇಟ್ಟಿರಲಿಲ್ಲ. ಚಿಕ್ಕಪ್ಪ ನಾಗಮಂಗಲದ ಸ್ನೇಹಿತರೊಬ್ಬರಿಂದ ಒಂದು ಗಂಡು ತಂದು ಜೋಡಿ ಹಾಕಿದರು. ಅಂತೂ ಎರಡು ಮೊಟ್ಟೆ, ಎರಡೂ ಒಡೆದು ಎರಡು ಮರಿ. ಚಿಕ್ಕಪ್ಪ ದಿನಾ ಗದ್ದೆಯಿಂದ ಬಂದವರು ಕೈಕಾಲು ತೊಳೆಯದೆ ಮೇಲೆ ಹತ್ತುತ್ತಿದ್ದರು. ಇನ್ನು ಇದು ಮೊಟ್ಟೆ ಇಡುವುದಿಲ್ಲ, ಇದರ ತಳಿ ಅಂತ ಉಳಿಯುವುದು ಈ ಎರಡರಲ್ಲೇ ಎಂದು ನನಗೆ ಎಷ್ಟು ಸಲ ಹೇಳಿದರೋ.

ಹತ್ತನೇ ದಿನದ ಹೊತ್ತಿಗೆ ದೊಡ್ಡ ಮರಿ ಬಾಯಿ ಬಿಟ್ಟುಕೊಂಡು ಕೂರತೊಡಗಿತು. ಒಳಗೆ ಹಳದಿ ಬಣ್ಣದ, ಒಡೆದ ಹಾಲಿನ ಗಡ್ಡೆಯಂಥದ್ದು ಅಂಟಿಕೊಂಡಿತ್ತು. ನಾನು ದೊಡ್ಡ ಪಂಡಿತೆಯ ಹಾಗೆ, ಇದು ಪಾರಿವಾಳದ ಸಿಡುಬು, ಸೊಳ್ಳೆಯಿಂದ ಬರುತ್ತದೆ ಎಂದೆ. ಪಾಂಡವಪುರಕ್ಕೆ ಹೋಗಿ ಸೊಳ್ಳೆಪರದೆ ತಂದು ಗೂಡಿಗೆ ಸುತ್ತಿದೆ. ಚಿಕ್ಕಪ್ಪ ಇದು ಉಷ್ಣ ಎಂದರು. ತೊಳೆದ ಪೊರಕೆ ಕಡ್ಡಿಯಿಂದ ಹಳದಿ ಗಡ್ಡೆಯನ್ನು ಮೆಲ್ಲಗೆ ಕೆರೆದು ತೆಗೆದರು. ಅದು ಬಂತು, ಅದರ ಜೊತೆಗೆ ರಕ್ತವೂ ಬಂತು. ನಿಲ್ಲಲಿಲ್ಲ. ಮರಿ ಅವರ ಅಂಗೈಯಲ್ಲೇ ತಣ್ಣಗಾಯಿತು. ಚಿಕ್ಕಪ್ಪ ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತು, ಆವತ್ತು ಊಟಕ್ಕೆ ಬರಲಿಲ್ಲ.

ಎರಡು ದಿನ ಬಿಟ್ಟು ಚಿಕ್ಕ ಮರಿಯ ಕೊಕ್ಕು ಬಿಡಿಸಿ ಮೂಸಿ ನೋಡಿದೆ. ಹುಳಿ ಹಾಲನ್ನು ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ಹಿಡಿಯುವ ಮೂಗು ನನ್ನದು. ಹಾಲು ಕುಡಿಯುವ ಮರಿಯ ಬಾಯಿ ಹಾಗೆ ಕೊಳೆತು ನಾರಬಾರದು. ಒಳಗೆ ನಾಲಿಗೆಯ ಹಿಂದೆ ಹಳದಿ ಚುಕ್ಕಿ, ಸಾಸಿವೆಯಷ್ಟು.

ಆವತ್ತು ಮಧ್ಯಾಹ್ನ ನಾನು ಓದಿದ್ದಕ್ಕೆ ಲೆಕ್ಕವಿಲ್ಲ. ಸಿಡುಬು ಬಾಯೊಳಗೂ ಬರಬಹುದು, ನಿಜ. ಆದರೆ ಇದೇ ಥರ ಹಳದಿ ಗಡ್ಡೆ ಕಟ್ಟಿಸುವ ಇನ್ನೊಂದು ಇದೆ. ಕಣ್ಣಿಗೆ ಕಾಣದ, ಒಂದೇ ಕೋಶದ ಜೀವಿ. ಬಾಲದಂಥ ನಾಲ್ಕು ಎಳೆ ಬೀಸಿಕೊಂಡು ಈಜುತ್ತದೆ. ದೊಡ್ಡ ಪಾರಿವಾಳದ ಗಂಟಲಲ್ಲಿ ಏನೂ ತೊಂದರೆ ಕೊಡದೆ ವರ್ಷಗಟ್ಟಲೆ ಇರಬಹುದು. ಆ ಪಾರಿವಾಳ ಮರಿಗೆ ಹಾಲು ಕೊಟ್ಟಾಗ ಹಾಲಿನ ಜೊತೆಗೇ ಮರಿಯ ಗಂಟಲಿಗೆ ಇಳಿಯುತ್ತದೆ. ಕೆರೆಯಬಾರದು, ರಕ್ತ ಬಂದು ಸಾಯುತ್ತದೆ ಅಂತಲೂ ಬರೆದಿತ್ತು. ಅದಕ್ಕೆ ಔಷಧಿ ಇದೆ. ಆದರೆ ಮೊದಲು ಅದೇ ಹೌದಾ ಅಂತ ಗೊತ್ತಾಗಬೇಕು. ಗೊತ್ತಾಗಬೇಕಾದರೆ ನೋಡಬೇಕು.

ನೋಡಲು ಸೂಕ್ಷ್ಮದರ್ಶಕ ಬೇಕು. ಅದು ಇದ್ದದ್ದು ಶ್ರೀರಂಗಪಟ್ಟಣದಲ್ಲಿ, ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ಮೇಷ್ಟ್ರ ಮನೆಯಲ್ಲಿ. ದೇವಸ್ಥಾನದ ಪೂಜೆಯ ಮನೆತನ, ಅಣ್ಣ ಪೂಜೆ ಮಾಡುತ್ತಾರೆ, ಇವರು ಪಾಠ ಹೇಳಿ ರಿಟೈರಾದವರು. ಮಾರನೇ ದಿನ ನಾನು ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಮರಿಯ ಗಂಟಲು ಸವರಿ, ಹಾಲಿನ ಸ್ಯಾಂಪಲ್ ಬಾಟಲಿಗೆ ಹಾಕಿ, ಡೈರಿಯ ಐಸ್ ತುಂಬಿದ ಡಬ್ಬದಲ್ಲಿಟ್ಟು, ಎರಡು ಬಸ್ಸು ಬದಲಾಯಿಸಿ ಹೋದೆ. ಮೇಷ್ಟ್ರು ಕಿಟಕಿಯ ಹತ್ತಿರ ಮೇಜು ಎಳೆದು, ಕೆಳಗಿನ ಕನ್ನಡಿ ತಿರುಗಿಸಿ ಬಿಸಿಲು ಹಿಡಿದರು. ಅರ್ಧ ಗಂಟೆ ನೋಡಿದೆವು. ಏನೂ ಇಲ್ಲ. ದುಂಡು ದುಂಡು ಚೂರುಗಳು, ಅಲುಗಾಟವಿಲ್ಲ. ನನಗೆ ಅಳು ಬರುವ ಹಾಗಾಯಿತು. ಹೇಗೆ ತಂದೆ ಎಂದು ಅವರು ಕೇಳಿದರು. ಐಸಿನಲ್ಲಿ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಅದು ಹಾಲಲ್ಲಮ್ಮ ಕೆಡದ ಹಾಗೆ ಇಡೋಕೆ. ಅದಕ್ಕೆ ಹಕ್ಕಿ ಮೈಯ ಬಿಸಿ ಬೇಕು. ಸಾಯ್ಸಿ ತಂದು, ಯಾಕೆ ಓಡ್ತಾ ಇಲ್ಲ ಅಂತ ನನ್ನ ಕೇಳ್ತಿದ್ದೀಯ."

ಡೈರಿಯಲ್ಲಿ ಕೆಲಸ ಮಾಡುವವಳು ಮಾತ್ರ ಮಾಡಬಹುದಾದ ತಪ್ಪು ಅದು. ನಾಳೆ ಹಕ್ಕಿಯನ್ನೇ ತಾ ಎಂದರು.

ಚಿಕ್ಕಪ್ಪನನ್ನು ಒಪ್ಪಿಸುವುದಕ್ಕೆ ಆ ಸಂಜೆ ಪೂರ್ತಿ ಬೇಕಾಯಿತು. ಜ್ವರ ಬಂದ ಮಗುವನ್ನು ಬಸ್ಸಿನಲ್ಲಿ ಯಾರಾದರೂ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋಗುತ್ತಾರಾ, ಡಾಕ್ಟರ ಹತ್ತಿರ ಅಲ್ಲವಾ ಎಂಬುದು ಅವರ ವಾದ. ಏನೂ ನೋಡದೆ ಡಾಕ್ಟರಿಗೆ ಏನು ಹೇಳುವುದು ಎಂಬುದು ನನ್ನ ವಾದ. ನಾನು ಒಂದು ಸಲ ಸಿಡುಬು ಅಂತ ತಪ್ಪು ಹೇಳಿದವಳು, ನನ್ನ ಮಾತಿಗೆ ತೂಕ ಕಡಿಮೆ. ಕೊನೆಗೆ ಅವರನ್ನು ಎಬ್ಬಿಸಿದ್ದು ಚಿಕ್ಕಮ್ಮ. ಒಂದನ್ನು ಕೆರೆದು ಕೊಂದಿದ್ದಾಯಿತು, ಇದನ್ನು ನೋಡುತ್ತಾ ಕೂತು ಕೊಲ್ಲಬೇಡಿ ಎಂದರು. ಬಿರುಸಾದ ಮಾತು. ಚಿಕ್ಕಪ್ಪ ಬಿದಿರು ಬುಟ್ಟಿಗೆ ಹಳೇ ಪಂಚೆ ಹಾಸಿದರು.

ಬೆಳಿಗ್ಗೆ ಬುಟ್ಟಿಯಲ್ಲಿ ಮರಿ, ಅದರ ಪಕ್ಕ ಬೂದಿ ಹೆಣ್ಣು, ಬುಟ್ಟಿ ಚಿಕ್ಕಪ್ಪನ ತೊಡೆಯ ಮೇಲೆ. ಕಂಡಕ್ಟರು ಇಣುಕಿ ನೋಡಿ, ತಾಯಿಗೆ ಫ್ರೀ, ಮರಿಗೆ ಅರ್ಧ ಟಿಕೆಟ್ ಎಂದು ಹೇಳಿ ನಗಾಡಿದರು. ಚಿಕ್ಕಪ್ಪ ನಗಲಿಲ್ಲ.

ಮೇಷ್ಟ್ರು ಎಲ್ಲ ಸಿದ್ಧ ಮಾಡಿಕೊಂಡಿದ್ದರು. ಬೆಚ್ಚಗಿನ ಉಪ್ಪುನೀರಿನ ಒಂದು ಹನಿ ಗಾಜಿನ ಮೇಲೆ. ನಾನು ಹತ್ತಿ ಕಡ್ಡಿಯಿಂದ ಮರಿಯ ಗಂಟಲು ಸವರಿದ ತಕ್ಷಣ ಆ ಹನಿಗೆ ಅದ್ದಿದೆ. ಮೇಲೆ ತೆಳು ಗಾಜು ಮುಚ್ಚಿದರು. ಬಿಸಿಲು ಹಿಡಿದರು. ಮೊದಲು ನೀನೇ ನೋಡು ಎಂದರು.

ಹೇಗೆ ಹೇಳಲಿ. ಇಡೀ ಹನಿಯೇ ಕುದಿಯುತ್ತಿತ್ತು. ಪೇರಲೆ ಹಣ್ಣಿನ ಆಕಾರದ, ಗಾಜಿನ ಹಾಗೆ ಪಾರದರ್ಶಕವಾದವು, ನೂರಾರು, ಒಂದೊಂದೂ ತನ್ನ ಸುತ್ತ ತಾನೇ ಉರುಳುತ್ತಾ, ಡಿಕ್ಕಿ ಹೊಡೆಯುತ್ತಾ, ಜಾಗ ಬಿಡಿ ಜಾಗ ಬಿಡಿ ಎನ್ನುವ ಹಾಗೆ ನುಗ್ಗುತ್ತಿದ್ದವು. ಒಂದು ಮಾತ್ರ ಗುಳ್ಳೆಯ ಅಂಚಿನಲ್ಲಿ ಸಿಕ್ಕಿಕೊಂಡು ನಿಂತಿತ್ತು. ಅದರ ಪಕ್ಕೆಯಲ್ಲಿ ತೆಳ್ಳನೆಯ ಪೊರೆಯೊಂದು ಅಲೆಅಲೆಯಾಗಿ ಅಲುಗುವುದು ನನಗೆ ಕಂಡಿತು. ಪುಸ್ತಕದ ಚಿತ್ರದಲ್ಲಿ ಒಂದು ಗೆರೆಯಾಗಿ ಇದ್ದದ್ದು ನನ್ನ ಕಣ್ಣೆದುರು ಬೀಸುತ್ತಿತ್ತು. ಕುಣಿಯಬೇಕು ಅನ್ನಿಸಿತು. ಆಮೇಲೆ ಅದು ಯಾರ ಗಂಟಲಿನಿಂದ ಬಂದದ್ದು ಎಂಬುದು ನೆನಪಾಯಿತು, ಸುಮ್ಮನೆ ಎದ್ದು ಚಿಕ್ಕಪ್ಪನಿಗೆ ಜಾಗ ಬಿಟ್ಟೆ.

ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಇವೆಲ್ಲ ನಮ್ಮ ಮರಿ ಗಂಟ್ಲಾಗೇ ಅವಾ ಮೇಷ್ಟ್ರೇ? ಇಂಗೇ ಓಡಾಡ್ಕೊಂಡು?"

"ಹೌದು ಯಜಮಾನ್ರೇ. ಈಗ ತಾಯಿದೂ ನೋಡೋಣ."

ಬೂದಿ ಹೆಣ್ಣಿನ ಗಂಟಲು ನಯವಾಗಿ, ತಿಳಿಗೆಂಪಾಗಿ ಇತ್ತು. ಅದರ ಹನಿಯಲ್ಲೂ ಇದ್ದವು, ಕಡಿಮೆ ಸಂಖ್ಯೆಯಲ್ಲಿ. ತಾನು ಆರೋಗ್ಯವಾಗಿದ್ದುಕೊಂಡೇ ಹಾಲಿನಲ್ಲಿ ಮರಿಗಳಿಗೆ ಕೊಟ್ಟಿತ್ತು. ಚಿಕ್ಕಪ್ಪ ಇದನ್ನು ಒಪ್ಪಲಿಲ್ಲ. ವಾಪಸ್ ಬರುವಾಗ ಬಸ್ಸಿನುದ್ದಕ್ಕೂ ನಾಗಮಂಗಲದ ಗಂಡಿಗೆ ಬೈದರು. ಅದು ಬಂದ ಮೇಲೆಯೇ ಇದೆಲ್ಲ, ಅದನ್ನು ನಾಳೆಯೇ ವಾಪಸ್ ಬಿಟ್ಟು ಬರುತ್ತೇನೆ ಎಂದರು.

ದಾರಿಯಲ್ಲೇ ಪಾಂಡವಪುರದಲ್ಲಿ ಇಳಿದು ಪಶು ಆಸ್ಪತ್ರೆಗೆ ಹೋದೆವು. ನಾನು ಫೋನಿನ ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಒತ್ತಿ ಹಿಡಿದು ತೆಗೆದ ವಿಡಿಯೊವನ್ನು ಡಾಕ್ಟರು ಎರಡು ಸಲ ನೋಡಿದರು. ಮರಿಯನ್ನು ತೂಗಿ, ಮಾತ್ರೆ ಬರೆದು, ಎಷ್ಟು ಚೂರು, ಎಷ್ಟು ದಿನ ಎಂದು ಹೇಳಿದರು. ಗೂಡಿನ ಎಲ್ಲ ಹಕ್ಕಿಗೂ ಕೊಡಬೇಕು. ಗಡ್ಡೆ ಮುಟ್ಟಬಾರದು. ಇದು ಎಂಜಲಿನಿಂದ ಹರಡುವುದು, ನೀರಿನ ಪಾತ್ರೆ ನೋಡಿಕೊಳ್ಳಿ, ಇಲ್ಲದಿದ್ದರೆ ಔಷಧಿ ಮುಗಿದ ಮೇಲೆ ಮತ್ತೆ ಬರುತ್ತದೆ ಎಂದರು.

ಪಾತ್ರೆಯ ಮಾತು ಚಿಕ್ಕಪ್ಪನಿಗೆ ಅವಮಾನವಾಯಿತು. ಗೂಡಿನ ಖಾನೆಗಳಲ್ಲಿ ಜೋಡಿಗೊಂದು ಪಾತ್ರೆ ಇಟ್ಟು, ಅವರು ದಿನಾ ಅವನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬಿಸಿಲಿಗೆ ಕವುಚಿ ಹಾಕುತ್ತಾರೆ. ನಮ್ಮ ಡೈರಿಯ ಕ್ಯಾನುಗಳು ಅಷ್ಟು ಶುಚಿ ಇರುವುದಿಲ್ಲ, ನಾನೇ ಸಾಕ್ಷಿ. ಹಾಗಾದರೆ ಬೇರೆ ಬೇರೆ ಖಾನೆಯ ಜೋಡಿಗಳ ಮಧ್ಯೆ ಇದು ಹರಡುವುದು ಹೇಗೆ? ಹರಡಿರುವುದು ನನಗೆ ಗೊತ್ತಿತ್ತು. ಇನ್ನೂ ಎರಡು ಹಕ್ಕಿಯ ಬಾಯಲ್ಲಿ ಹಳದಿ ಚುಕ್ಕಿ ನೋಡಿದ್ದೆ.

ಮಾರನೇ ದಿನ ಮಧ್ಯಾಹ್ನ ಡೈರಿಯ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಹಳೆಯದನ್ನೆಲ್ಲ ತಿರುವುತ್ತಿದ್ದೆ. ಹಿಂದಿನ ವರ್ಷದ ವಿಡಿಯೊ ಬಂತು. ಚಿಕ್ಕಪ್ಪ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದಾರೆ. ಬೂದಿ ಹೆಣ್ಣು ಕುಡಿಯಿತು. ಅದು ಹಾರಿ ಹೋಯಿತು. ಅದೇ ಬಾಯಿ ನೀರಿಗೆ ಇನ್ನೊಂದು ಕೊಕ್ಕು ಹಾಕಿತು. ಆಮೇಲೆ ಮತ್ತೊಂದು. ಆಮೇಲೆ ಬಿಳಿ ಬಾಲದ್ದು. ಒಂದು ಬಾಯಿ ನೀರು, ನಾಲ್ಕು ಹಕ್ಕಿ. ಯಾವಾಗಲೂ ಬೂದಿ ಹೆಣ್ಣೇ ಮೊದಲು. ಹಳದಿ ಚುಕ್ಕಿ ಕಂಡ ಎರಡೂ ಆ ಸಾಲಿನಲ್ಲಿದ್ದವು. ನಾಗಮಂಗಲದ ಗಂಡು ಇನ್ನೂ ನಮ್ಮ ಊರನ್ನೇ ನೋಡಿರಲಿಲ್ಲ ಆಗ.

ವಿಡಿಯೊ ಅದೇ. ಐವತ್ತು ಸಲ ನೋಡಿ ಖುಷಿಪಟ್ಟಿದ್ದು. ಸಿಕ್ಕಿತು ಸಿಕ್ಕಿತು ಎಂದು ಬೆಂಚಿನಿಂದ ಎದ್ದೇ ಬಿಟ್ಟೆ, ಆಮೇಲೆ ಮತ್ತೆ ಕೂತೆ. ಇದನ್ನು ಅವರಿಗೆ ಹೇಳುವುದು ಹೇಗೆ?

ಓಡಿ ಹೋದೆ. ತಾರಸಿ ಹತ್ತುವಾಗಲೇ ತಂಬಿಗೆಯ ಸದ್ದು ಕೇಳಿತು. ಚಿಕ್ಕಪ್ಪ ಆಗಷ್ಟೇ ಬಾಯಿ ತುಂಬಿಕೊಂಡಿದ್ದರು. ಬೂದಿ ಹೆಣ್ಣು ಮಣಿಕಟ್ಟಿನ ಮೇಲೆ ಬಂದು ಕೂತಿತ್ತು.

"ಚಿಕ್ಕಪ್ಪ, ಒಸಿ ತಡಿ. ಕುಡುಸ್ಬ್ಯಾಡ."

ಅವರು ಮಾತಾಡುವಂತಿರಲಿಲ್ಲ. ಕೆನ್ನೆ ಉಬ್ಬಿಸಿಕೊಂಡೇ ಹುಬ್ಬು ಏರಿಸಿದರು. ನಾನು ಮೊದಲು ನನ್ನ ಐಸಿನ ಕಥೆ ಹೇಳಿದೆ. ಒಳ್ಳೆಯದಾಗಲಿ ಅಂತ ಮಾಡಿ ಎಲ್ಲ ಸಾಯಿಸಿದ್ದು, ಒಂದು ದಿನ ಹಾಳಾದದ್ದು. ಆಮೇಲೆ ಫೋನು ಅವರ ಮುಖದ ಮುಂದೆ ಹಿಡಿದೆ. ಯಾವ ಹಕ್ಕಿಯ ಹಿಂದೆ ಯಾವ ಹಕ್ಕಿ ಅಂತ ಬೆರಳಿಟ್ಟು ತೋರಿಸಿದೆ. ಒಂದರ ಎಂಜಲು ಇನ್ನೊಂದಕ್ಕೆ ಹೋಗುವ ದಾರಿ ಗೂಡಿನಲ್ಲಿ ಎಲ್ಲೂ ಇಲ್ಲ, ಇಲ್ಲಿ ಇದೆ ಎಂದೆ. ಇದು ಮನುಷ್ಯರಿಗೆ ಅಂಟುವುದಿಲ್ಲ ಅಂತ ಓದಿದ್ದೇನೆ, ಆದರೆ ಹಕ್ಕಿಯಿಂದ ಮನುಷ್ಯರಿಗೆ ಬರುವ ಬೇರೆ ಜ್ವರಗಳಿವೆ ಎಂದೂ ಸೇರಿಸಿದೆ. ಅಷ್ಟು ಹೊತ್ತೂ ನೀರು ಅವರ ಬಾಯಲ್ಲೇ ಇತ್ತು. ಹಕ್ಕಿ ಅವರ ಮುಚ್ಚಿದ ತುಟಿಯನ್ನು ಟಕ್ ಟಕ್ ಎಂದು ಕುಕ್ಕುತ್ತಿತ್ತು, ಬಾಗಿಲು ತೆಗೆಯಿರಿ ಎನ್ನುವ ಹಾಗೆ.

ಚಿಕ್ಕಪ್ಪ ಮೆಲ್ಲಗೆ ತಿರುಗಿ, ತಾರಸಿಯ ಅಂಚಿಗೆ ಹೋಗಿ, ಕೆಳಗೆ ಕರಿಬೇವಿನ ಗಿಡದ ಕಡೆಗೆ ನೀರು ಉಗಿದರು.

"ಅಂಗಾರೆ ನಾನೇ ಕುಡುಸ್ದೆ ಅನ್ನು."

"ಗೊತ್ತಿರ್ಲಿಲ್ವಲ್ಲ ಚಿಕ್ಕಪ್ಪ."

"ಗೊತ್ತಿರ್ನಿಲ್ಲ," ಎಂದರು. ತುಟಿ ಒರೆಸಿಕೊಂಡು, "ಆ ನಾಗಮಂಗಲದ್ನ ಸುಮ್ಕೆ ಬೈದ್ಬುಟ್ಟೆ."

ಅಂದಿನಿಂದ ನಮಗೆ ಕೆಲಸವೋ ಕೆಲಸ. ಒಂದೊಂದು ಹಕ್ಕಿಯನ್ನೂ ತೂಗಿ, ಕೊಕ್ಕು ಬಿಡಿಸಿ, ಮಾತ್ರೆಯ ಚೂರು ಹಾಕುವುದು. ಮಾತ್ರೆ ಹಾಕಿದ ಹಕ್ಕಿಯ ಕಾಲಿಗೆ ಚಿಕ್ಕಮ್ಮ ಉಗುರು ಬಣ್ಣದ ಚುಕ್ಕಿ ಇಡುತ್ತಿದ್ದರು. ಮರಿಗೆ ನುಂಗಲು ಆಗುತ್ತಿರಲಿಲ್ಲ. ನೆನೆಸಿ ಅರೆದ ಹೆಸರುಕಾಳನ್ನು ಹನಿ ಹನಿಯಾಗಿ ಬಿಟ್ಟೆವು. ಮೂರನೇ ದಿನ ಮೂಸಿ ನೋಡಿದಾಗ ನಾತ ಕಡಿಮೆಯಾಗಿತ್ತು. ಅದನ್ನು ಹೇಳಲು ಗದ್ದೆಯವರೆಗೂ ಓಡಿದೆ. ಎಂಟನೇ ದಿನವೋ ಒಂಬತ್ತನೇ ದಿನವೋ ಹಳದಿ ಗಡ್ಡೆ ತಾನಾಗಿಯೇ ಕಳಚಿ ಪಂಚೆಯ ಮೇಲೆ ಬಿದ್ದಿತ್ತು, ಹುರಿಗಡಲೆಯ ಸಿಪ್ಪೆಯ ಹಾಗೆ. ರಕ್ತದ ಒಂದು ಗುರುತೂ ಇರಲಿಲ್ಲ. ಮರಿ ಒಂದು ಜೋಳದ ಕಾಳು ಎತ್ತಿಕೊಂಡಿತು, ಬೀಳಿಸಿತು, ಮತ್ತೆ ಎತ್ತಿಕೊಂಡು ನುಂಗಿತು. ಕತ್ತಿನಲ್ಲಿ ಅದು ಇಳಿಯುವುದನ್ನು ಮೂವರೂ ನೋಡಿದೆವು.

ಆದರೆ ಬೂದಿ ಹೆಣ್ಣು ಕಲಿಯಲಿಲ್ಲ. ಬೋಗುಣಿಯಲ್ಲಿ ತಣ್ಣನೆಯ ನೀರು ಇಟ್ಟರೆ ತಿರುಗಿಯೂ ನೋಡದೆ ಚಿಕ್ಕಪ್ಪನ ಭುಜ ಹತ್ತಿ ತುಟಿ ಕುಕ್ಕುತ್ತಿತ್ತು. ಬಾಯಾರಿದ ಹಕ್ಕಿಗೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ಅವರಿಂದ ಆಗುತ್ತಿರಲಿಲ್ಲ. ಕೈ ತಾನಾಗಿ ತಂಬಿಗೆಗೆ ಹೋಗುತ್ತಿತ್ತು. ಕೊನೆಗೆ ಅವರೇ ಉಪಾಯ ಮಾಡಿದರು. ಹಕ್ಕಿಗಳು ಹಾರಿ ಬರುವ ಹೊತ್ತಿಗೆ ಮೂಗಿನಿಂದ ಕೆಳಗೆ ಟವಲು ಬಿಗಿಯಾಗಿ ಕಟ್ಟಿಕೊಂಡು, ಬೋಗುಣಿಯನ್ನು ಗಲ್ಲದ ಹತ್ತಿರವೇ ಹಿಡಿದು ನಿಲ್ಲುವುದು, ಒಂದು ಹಕ್ಕಿ ಕುಡಿದ ಮೇಲೆ ಆ ನೀರು ಚೆಲ್ಲಿ ಬೇರೆ ತುಂಬುವುದು. ಬೀದಿಯವರು ಕೆಳಗಿನಿಂದ ನೋಡಿ, ಯಾರ ಮನೆ ದೋಚಲು ಹೊರಟೆಯಲಾ ಎಂದು ಕೂಗುತ್ತಿದ್ದರು. ವಾರದ ಮೇಲೆ ಬೂದಿ ಹೆಣ್ಣು ಟವಲನ್ನು ನಾಲ್ಕು ಸಲ ಕುಕ್ಕಿ, ಬೇಸರವಾಗಿ ಬೋಗುಣಿಗೆ ಮೂತಿ ಇಟ್ಟಿತು.

ಮರಿ ಬೆಳೆಯಿತು. ತಾಯಿಯ ಬೂದಿ ಬಣ್ಣ, ನಾಗಮಂಗಲದ ಅಪ್ಪನ ದಪ್ಪ ಎದೆ. ಹತ್ತಿರದಿಂದ ಬಿಟ್ಟು ಬಿಟ್ಟು ಅಭ್ಯಾಸ ಮಾಡಿಸಿದರು. ಚಿಕ್ಕಪ್ಪನ ಒಳಗೆ ಒಂದು ಭಯ ಉಳಿದಿತ್ತು, ನನಗೆ ಗೊತ್ತು. ಇದು ಒಂದು ಸಲವೂ ಬಾಯಿಂದ ಕುಡಿದ ಹಕ್ಕಿಯಲ್ಲ. ಹಿಂದಿನ ವಾರ ನನ್ನನ್ನು ಕರೆದು, ಅಕ್ಕಿಹೆಬ್ಬಾಳಿಗೆ ಈ ಸಲ ನೀನು ಹೋಗು, ನಾನು ಇಲ್ಲೇ ಕಾಯುತ್ತೇನೆ ಎಂದರು.

ಬೆಳಗಿನ ಹಾಲು ಮುಗಿಸಿ ಸ್ಕೂಟರಿನಲ್ಲಿ ಹೋದೆ. ಸ್ಟೇಷನ್ನಿನ ಪಕ್ಕ ಬುಟ್ಟಿಯ ಮುಚ್ಚಳ ತೆಗೆದೆ. ಅದು ಕತ್ತು ಎತ್ತಿ ಹೇಮಾವತಿಯ ಕಡೆ ನೋಡಿತು, ಆಮೇಲೆ ಎದ್ದಿತು. ಒಂದು ಸುತ್ತು, ಎರಡು ಸುತ್ತು, ತೆಂಗಿನ ತಲೆಗಳ ಮೇಲೆ ಸಣ್ಣದಾಗುತ್ತಾ ಹೋಯಿತು. ನಾನು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಒಂದು ರೈಲು ಬಂದು ಹೋಯಿತು. ತಡೆಯಲಾಗದೆ ಚಿಕ್ಕಪ್ಪನಿಗೆ ಫೋನು ಮಾಡಿದೆ. ತೆಗೆಯಲಿಲ್ಲ. ಮತ್ತೆ ಮಾಡಿದೆ. ತೆಗೆಯಲಿಲ್ಲ. ಮೂರನೇ ಸಲ ಚಿಕ್ಕಮ್ಮ ತೆಗೆದರು.

"ಎಷ್ಟ್ ಸಲ ಮಾಡೀಯಮ್ಮಿ? ಅವ್ರು ಬಾಯ್ಗೆ ಟವಲ್ ಕಟ್ಕೊಂಡು ಬೋಗುಣಿ ಇಡ್ಕೊಂಡ್ ನಿಂತವ್ರೆ, ಎಂಗ್ ಮಾತಾಡಾರು?"

"ಬಂತಾ ಚಿಕ್ಕಮ್ಮ?"

"ತಡಿ," ಎಂದು ಹೇಳಿ ಅವರು ಫೋನನ್ನು ಬೋಗುಣಿಯ ಹತ್ತಿರ ಹಿಡಿದರು. ಒಂದೇ ಸಮ ನೀರು ಹೀರುವ ಸದ್ದು ಕೇಳಿತು.